ನೆಟ್‌ವರ್ಕ್ ಡ್ರೈವರ್ ಮಾಡ್ಯೂಲ್ ಆಗಿದ್ದರೆ ನಿಧಾನವೇ? ಚಿಕ್ಕ ಪ್ಯಾಕೆಟ್‌ಗಳು ಬೀಳುತ್ತಿವೆ

ರಾತ್ರಿಪಾಳಿ
ಸೋಮವಾರ, ರಾತ್ರಿ 11:40

ಎಲ್ಲರಿಗೂ ನಮಸ್ಕಾರ. ಒಂದು ಲಿನಕ್ಸ್ ಯಂತ್ರವನ್ನು ರೂಟರ್ ಮಾಡಿ ಇಟ್ಟಿದ್ದೇನೆ. ಎಂಟು ಕೋರ್, 10 ಗಿಗಾಬಿಟ್‌ನ ಎರಡು ಪೋರ್ಟ್. ಕಾರ್ಡ್ ತಯಾರಕರ ಸೈಟಿನಿಂದ ಡ್ರೈವರ್ ಸೋರ್ಸ್ ಇಳಿಸಿ, ಮಾಡ್ಯೂಲ್ ಆಗಿ, ಅಂದರೆ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಬೇಕಾದಾಗ ಸೇರಿಸುವ ಬಿಡಿ ಫೈಲಾಗಿ, ಕಂಪೈಲ್ ಮಾಡಿ ಹಾಕಿದ್ದು. ದೊಡ್ಡ ಫೈಲ್ ಹರಿಸಿದರೆ ಲೈನ್ ತುಂಬಿ ಹೋಗುತ್ತದೆ, ತಕರಾರಿಲ್ಲ. ಆದರೆ ಡಿಎನ್‌ಎಸ್, ಧ್ವನಿ ಕರೆ ಥರದ ಚಿಕ್ಕ ಚಿಕ್ಕ ಪ್ಯಾಕೆಟ್ ಜಾಸ್ತಿಯಾದ ಹೊತ್ತಿಗೆ ಬೀಳಲು ಶುರುವಾಗುತ್ತವೆ.

ನಮ್ಮ ತಂಡದ ಹಿರಿಯರೊಬ್ಬರು "ಮಾಡ್ಯೂಲ್ ಅಂದ್ರೇನೇ ನಿಧಾನ ಕಣಯ್ಯಾ, ಡ್ರೈವರನ್ನ ಕರ್ನಲ್ ಒಳಗೇ ಸೇರಿಸಿ ಕಂಪೈಲ್ ಮಾಡು, ಆಮೇಲೆ ನೋಡು" ಅನ್ನುತ್ತಾರೆ. ಹಿಂದೊಮ್ಮೆ ಇದೇ ಥರದ ಯಂತ್ರದಲ್ಲಿ ಹಾಗೆ ಮಾಡಿ ಸರಿಹೋಗಿದ್ದನ್ನು ಕಣ್ಣಾರೆ ಕಂಡಿದ್ದಾರಂತೆ.

ಇನ್ನೊಂದು ಗೋಳು. ಕಳೆದ ವಾರ ಕರ್ನಲ್ ಅಪ್‌ಡೇಟ್ ಆಗಿ ರೀಬೂಟ್ ಮಾಡಿದರೆ ಎರಡೂ ಪೋರ್ಟ್ ಮಾಯ. ರಾತ್ರಿ ಎರಡು ಗಂಟೆಗೆ ಕೀಬೋರ್ಡ್, ಮಾನಿಟರ್ ಹೊತ್ತುಕೊಂಡು ಹೋಗಿ ಹಳೇ ಕರ್ನಲ್‌ಗೆ ಬೂಟ್ ಮಾಡಿ ಬಂದೆ. ಇದನ್ನೆಲ್ಲ ನೋಡಿದರೆ ಮಾಡ್ಯೂಲ್ ಸಹವಾಸವೇ ಬೇಡ ಅನ್ನಿಸುತ್ತಿದೆ. ಏನಂತೀರಿ?

ಹಳೇಟರ್ಮಿನಲ್
ಮಂಗಳವಾರ, ಬೆಳಗ್ಗೆ 7:15

ಎರಡು ಬೇರೆ ಬೇರೆ ಕಾಯಿಲೆಯನ್ನು ಒಂದೇ ಚೀಟಿಯಲ್ಲಿ ಬರೆದಿದ್ದೀರಿ. ಮೊದಲು ವೇಗದ ವಿಷಯ.

ಮಾಡ್ಯೂಲ್ ಲೋಡ್ ಆಗುವಾಗ ಕರ್ನಲ್ ತನ್ನೊಳಗಿನ ಲಿಂಕರ್ ಬಳಸಿ ಖಾಲಿ ಬಿಟ್ಟ ವಿಳಾಸಗಳನ್ನೆಲ್ಲ ತುಂಬುತ್ತದೆ. ಒಮ್ಮೆ ತುಂಬಿದ ಮೇಲೆ ಅದು ಬೇರೆಯವರ ಕೋಡ್ ಅಲ್ಲ, ಕರ್ನಲ್‌ನದೇ ಕೋಡ್. ಅದೇ ಅಧಿಕಾರ, ಅದೇ ಮೆಮೊರಿ. ಪ್ರತಿ ಪ್ಯಾಕೆಟ್ಟೂ ದಾಟಬೇಕಾದ ಗಡಿ ಅಂತ ಒಂದು ನಡುವೆ ಇಲ್ಲವೇ ಇಲ್ಲ. ಲೋಡ್ ಆಗುವ ಕ್ಷಣದಲ್ಲಿ ಸ್ವಲ್ಪ ಖರ್ಚು, ಅಷ್ಟೇ.

ನಿಮ್ಮ ತೊಂದರೆ ಎಲ್ಲಿದೆ ಅನ್ನೋದಕ್ಕೆ ಒಂದು ಲೆಕ್ಕ ಕೊಡುತ್ತೇನೆ. 10 ಗಿಗಾಬಿಟ್ ಲೈನಿನಲ್ಲಿ ಪೂರ್ತಿ ಗಾತ್ರದ ಫ್ರೇಮ್‌ಗಳಾದರೆ ಸೆಕೆಂಡಿಗೆ ಸುಮಾರು 8 ಲಕ್ಷ 12 ಸಾವಿರ. 64 ಬೈಟಿನವಾದರೆ 1 ಕೋಟಿ 48 ಲಕ್ಷ ಚಿಲ್ಲರೆ. ಯಾಕೆಂದರೆ ತಂತಿಯ ಮೇಲೆ ಮುಂಚೂಣಿ 8 ಬೈಟು, ನಡುವಿನ ಅಂತರ 12 ಬೈಟು ಸೇರಿ 84 ಬೈಟು ಆಗುತ್ತದೆ. ಅಂದರೆ ಒಂದು ಪ್ಯಾಕೆಟ್‌ಗೆ ಸಿಗುವ ಸಮಯ 67.2 ನ್ಯಾನೊಸೆಕೆಂಡ್. 3 ಗಿಗಾಹರ್ಟ್ಸ್ ಕೋರ್‌ಗೆ ಇದು ಸುಮಾರು 200 ಸೈಕಲ್. ಕ್ಯಾಶ್‌ನಲ್ಲಿ ಸಿಗದ ಡೇಟಾಗೆ ಒಂದು ಸಲ ಮುಖ್ಯ ಮೆಮೊರಿಗೆ ಹೋಗಿ ಬಂದರೆ ಅದರಲ್ಲಿ ಬಹುಪಾಲು ಮುಗಿಯಿತು. ಕೋಡ್ ಮಾಡ್ಯೂಲ್‌ನಲ್ಲಿದೆಯೋ ಕರ್ನಲ್‌ನ ಮುಖ್ಯ ಇಮೇಜ್‌ನಲ್ಲಿದೆಯೋ (ಬೂಟ್ ಆಗುವ ಫೈಲ್) ಅನ್ನೋದು ಇಲ್ಲಿ ದೊಡ್ಡ ಬಾಬತ್ತಲ್ಲ. ಒಂದೊಂದು ಪ್ಯಾಕೆಟ್‌ಗೆ ಎಷ್ಟು ಕೆಲಸ ಮಾಡುತ್ತೀರಿ, ಎಷ್ಟು ಕೋರ್ ಹಂಚಿಕೊಂಡು ಮಾಡುತ್ತವೆ, ಅದನ್ನು ನೋಡಿ.

ಶೂನ್ಯಸೂಚಿ
ಮಂಗಳವಾರ, ಬೆಳಗ್ಗೆ 9:02

ಹಳೇಟರ್ಮಿನಲ್ ಸರ್ ಹೇಳಿದ್ದು ಮುಕ್ಕಾಲು ಪಾಲು ಸರಿ. ಮಿಕ್ಕ ಕಾಲು ಪಾಲಿಗೆ ನನ್ನ ಕೊಕ್ಕೆ.

ಎಕ್ಸ್86-64ರಲ್ಲಿ ಕರ್ನಲ್‌ನ ಮುಖ್ಯ ಕೋಡ್ 2 ಎಂಬಿ ಪುಟಗಳ ಮೇಲೆ ಕೂತಿರುತ್ತದೆ. ಮಾಡ್ಯೂಲ್‌ಗಳು ಬಹುಕಾಲದಿಂದ 4 ಕೆಬಿಯ ಬಿಡಿ ಪುಟಗಳಲ್ಲಿ. ಹಾಗಾಗಿ ವಿಳಾಸ ಅನುವಾದವನ್ನು ನೆನಪಿಟ್ಟುಕೊಳ್ಳುವ ಪ್ರೊಸೆಸರ್‌ನ ಚಿಕ್ಕ ಕೋಷ್ಟಕ ಟಿಎಲ್‌ಬಿ ಮೇಲೆ ಮಾಡ್ಯೂಲ್ ಸ್ವಲ್ಪ ಹೆಚ್ಚು ಭಾರ ಹಾಕುತ್ತದೆ. 64 ಬಿಟ್ ಆರ್ಮ್‌ನಲ್ಲಿ ನೇರ ಜಿಗಿತಕ್ಕೆ 128 ಎಂಬಿ ಮಿತಿ ಇದೆ. ಮಾಡ್ಯೂಲ್ ಅದಕ್ಕಿಂತ ದೂರ ಬಿದ್ದರೆ ನಡುವೆ ಒಂದು ಮೆಟ್ಟಿಲು ಹಾಕಿಕೊಂಡು ಜಿಗಿಯಬೇಕು.

ಅದಕ್ಕಿಂತ ಸ್ವಾರಸ್ಯವಾದದ್ದು ಇನ್ನೊಂದು. 2018ರ ಜನವರಿಯಲ್ಲಿ ಸ್ಪೆಕ್ಟರ್ ಅನ್ನುವ ಪ್ರೊಸೆಸರ್ ದೋಷ ಬಯಲಾದ ಮೇಲೆ ಫಂಕ್ಷನ್ ಪಾಯಿಂಟರ್ (ಫಂಕ್ಷನ್‌ನ ವಿಳಾಸ ಬರೆದಿಟ್ಟ ಜಾಗ) ಮೂಲಕ ಮಾಡುವ ಕರೆ ತುಟ್ಟಿಯಾಯಿತು. ಪ್ಯಾಕೆಟ್ ಸಾಗಿಸುವ ಕರ್ನಲ್ ಭಾಗವಾದ ನೆಟ್‌ವರ್ಕ್ ಸ್ಟ್ಯಾಕ್‌ನಲ್ಲಿ ಹೆಜ್ಜೆ ಹೆಜ್ಜೆಗೂ ಅಂಥದ್ದೇ ಕರೆ. ಅದಕ್ಕೆ ಕರ್ನಲ್‌ನವರು ಒಂದು ಉಪಾಯ ಮಾಡಿದರು: "ಪಾಯಿಂಟರ್‌ನಲ್ಲಿ ಇರೋದು ನನಗೆ ಗೊತ್ತಿರುವ ಈ ಫಂಕ್ಷನ್ನೇನಾ? ಹೌದಾದರೆ ನೇರವಾಗಿ ಕರಿ" ಅಂತ ಮೊದಲೇ ಹೋಲಿಸಿ ನೋಡುವುದು. ಆದರೆ ಹೆಸರು ಹಿಡಿದು ಕರೆಯಬೇಕಾದರೆ ಆ ಫಂಕ್ಷನ್ ಮುಖ್ಯ ಇಮೇಜ್‌ನಲ್ಲೇ ಇರಬೇಕು. ಐಪಿವಿ6 ಅನ್ನು ಮಾಡ್ಯೂಲ್ ಆಗಿ ಕಟ್ಟಿದರೆ ಈ ಅಡ್ಡದಾರಿ ಐಪಿವಿ4ಗೆ ಮಾತ್ರ ಸಿಗುತ್ತದೆ, ಐಪಿವಿ6ಗೆ ಇಲ್ಲ. ಆದ್ದರಿಂದ ವ್ಯತ್ಯಾಸ ಸೊನ್ನೆ ಅನ್ನಬೇಡಿ.

ಹಳೇಟರ್ಮಿನಲ್
ಮಂಗಳವಾರ, ಬೆಳಗ್ಗೆ 9:30

ಒಪ್ಪಿದೆ, ಸೊನ್ನೆ ಅಲ್ಲ. ಆದರೆ ನೀವು ಕೊಟ್ಟ ಕೊನೇ ಉದಾಹರಣೆ ಪ್ರೊಟೊಕಾಲ್‌ನದು. ಕಾರ್ಡಿನ ಡ್ರೈವರ್ ಕರ್ನಲ್ ಒಳಗೇ ಇದ್ದರೂ ಪ್ಯಾಕೆಟ್ ಕಳಿಸುವ ಫಂಕ್ಷನ್ನನ್ನು ಸ್ಟ್ಯಾಕ್ ಕರೆಯೋದು ಡಿವೈಸ್‌ನ ಪಾಯಿಂಟರ್ ಪಟ್ಟಿಯ ಮೂಲಕವೇ. ಯಾವ ಕಾರ್ಡ್ ಬರುತ್ತದೋ ಅದಕ್ಕೆ ಮೊದಲೇ ಹೇಗೆ ಗೊತ್ತಿರುತ್ತೆ? ರಾತ್ರಿಪಾಳಿಯವರಿಗೆ ಪ್ಯಾಕೆಟ್ ಬೀಳೋದಕ್ಕೆ ಟಿಎಲ್‌ಬಿ ಕಾರಣ ಅಂದರೆ ನಾನು ಮೀಸೆ ಬೋಳಿಸುತ್ತೇನೆ.

ಅರೆಬೈಟು
ಮಂಗಳವಾರ, ಮಧ್ಯಾಹ್ನ 1:20

ನಾನಿನ್ನೂ ಕಲಿಯುತ್ತಿರುವವನು, ದಡ್ಡ ಪ್ರಶ್ನೆ ಅನ್ನಿಸಿದರೆ ಕ್ಷಮಿಸಿ. ಪ್ಯಾಕೆಟ್ ಬಂದಾಗಲೆಲ್ಲ ಕಾರ್ಡ್ ಇಂಟರಪ್ಟ್ ಕೊಟ್ಟು ಪ್ರೊಸೆಸರ್‌ನ ಕೆಲಸ ತಡೆಯುತ್ತದೆ ಅಂತ ಓದಿದ್ದೆ. ಸೆಕೆಂಡಿಗೆ ಕೋಟಿಗಟ್ಟಲೆ ಇಂಟರಪ್ಟ್ ಬಂದರೆ ಯಂತ್ರಕ್ಕೆ ಬೇರೆ ಕೆಲಸಕ್ಕೆ ಪುರುಸೊತ್ತೆಲ್ಲಿ?

ಹಳೇಟರ್ಮಿನಲ್
ಮಂಗಳವಾರ, ಮಧ್ಯಾಹ್ನ 2:05

ದಡ್ಡ ಪ್ರಶ್ನೆ ಅಲ್ಲವೇ ಅಲ್ಲ. ಇದಕ್ಕೆ ರಿಸೀವ್ ಲೈವ್‌ಲಾಕ್ ಅಂತ ಹೆಸರು. ಮೊಗಲ್ ಮತ್ತು ರಾಮಕೃಷ್ಣನ್ 1996ರಲ್ಲಿ ಇದರ ಬಗ್ಗೆ ಬರೆದ ಪ್ರಬಂಧ ಇವತ್ತಿಗೂ ಓದುವಂಥದ್ದು. ಬಾಗಿಲು ಬಡಿದಾಗಲೆಲ್ಲ ಎದ್ದು ಹೋಗುವವನಿಗೆ ಒಲೆ ಮುಂದೆ ಕೂರಲು ಆಗುವುದಿಲ್ಲ. ಬಂದವರನ್ನೆಲ್ಲ ಒಳಗೆ ಕರೆದು ಕೂರಿಸುತ್ತಾನೆ, ಒಬ್ಬರಿಗೂ ಊಟ ಸಿಗುವುದಿಲ್ಲ. ಯಂತ್ರವೂ ಹಾಗೇ, ಪ್ಯಾಕೆಟ್ ತೆಗೆದುಕೊಳ್ಳುತ್ತಲೇ ಇರುತ್ತದೆ, ಒಂದನ್ನೂ ಮುಂದಕ್ಕೆ ಕಳಿಸುವುದಿಲ್ಲ.

ಲಿನಕ್ಸ್‌ನಲ್ಲಿ ಇದಕ್ಕೆ ಮದ್ದು ನ್ಯಾಪಿ. 2.5 ಸರಣಿಯಲ್ಲಿ ಬಂತು, ಆಮೇಲೆ 2.4.20ಕ್ಕೂ ಇಳಿಸಿದರು. ಮೊದಲ ಇಂಟರಪ್ಟ್ ಬಂದ ಕೂಡಲೇ ಡ್ರೈವರ್ ಆ ಕ್ಯೂನ (ಬಂದ ಪ್ಯಾಕೆಟ್ ಕಾಯುವ ಸಾಲು) ಇಂಟರಪ್ಟ್ ಮುಚ್ಚಿ, "ಬಿಡುವಾದಾಗ ನನ್ನನ್ನು ಕರಿ" ಅಂತ ಹೆಸರು ಬರೆಸುತ್ತದೆ. ಕರ್ನಲ್ ಕರೆದಾಗ ಒಂದು ಸಲಕ್ಕೆ ಸಾಮಾನ್ಯವಾಗಿ 64 ಪ್ಯಾಕೆಟ್‌ವರೆಗೆ ಎತ್ತಿಕೊಂಡು ಬರಬಹುದು. ಎಲ್ಲ ಡಿವೈಸ್ ಸೇರಿ ಒಂದು ಸುತ್ತಿಗೆ ಒಟ್ಟು ಮಿತಿ ಡಿಫಾಲ್ಟ್ ಆಗಿ 300. ಕ್ಯೂ ಖಾಲಿಯಾದ ಮೇಲೆ ಮತ್ತೆ ಇಂಟರಪ್ಟ್ ತೆರೆ. ಕೆಲಸ ಕಮ್ಮಿ ಇದ್ದಾಗ ಇಂಟರಪ್ಟ್, ಜಾಸ್ತಿ ಇದ್ದಾಗ ತಾನೇ ಹೋಗಿ ನೋಡುವುದು.

ರಾತ್ರಿಪಾಳಿಯವರೇ, ಊಹೆ ಸಾಕು. ಕರ್ನಲ್ ತನ್ನ ಲೆಕ್ಕ ತೋರಿಸುವ ಪ್ರಾಕ್ ಅಡಿಯಲ್ಲಿ ನೆಟ್ ಡೈರೆಕ್ಟರಿಯ ಸಾಫ್ಟ್‌ನೆಟ್_ಸ್ಟ್ಯಾಟ್ ಫೈಲ್ ತೆರೆಯಿರಿ. ಒಂದು ಸಾಲು ಒಂದು ಕೋರ್. ಅಂಕಿಗಳು ಹೆಕ್ಸಾಡೆಸಿಮಲ್‌ನಲ್ಲಿರುತ್ತವೆ, ನಾನೇ ಒಂದು ಸಲ ಮೋಸಹೋಗಿದ್ದೆ. ಮೂರನೇ ಕಾಲಂ ಅಂದರೆ "ಕೆಲಸ ಬಾಕಿ ಇತ್ತು, ಮಿತಿ ಮುಗಿಯಿತು" ಅನ್ನುವ ಸಂದರ್ಭಗಳ ಲೆಕ್ಕ. ಎರಡನೇ ಕಾಲಂ ಸೊನ್ನೆ ಇದೆ ಅಂತ ಖುಷಿಪಡಬೇಡಿ. ಅದು ಕೋರ್‌ನ ಹಿಂಬಾಕಿ ಕ್ಯೂನಲ್ಲಿ ಬಿದ್ದದ್ದು ಮಾತ್ರ. ಕಾರ್ಡ್ ಪ್ಯಾಕೆಟ್ ತಂದಿಡುವ ರಿಂಗ್ ತುಂಬಿ ಬಿದ್ದದ್ದು ಇಥ್‌ಟೂಲ್ ಕಮಾಂಡ್‌ನ ಅಂಕಿಅಂಶದಲ್ಲಿ ಸಿಗುತ್ತದೆ. ಜೊತೆಗೆ ಪ್ರಾಕ್ ಅಡಿಯ ಇಂಟರಪ್ಟ್ಸ್ ಫೈಲನ್ನೂ ಹಾಕಿ.

ರಾತ್ರಿಪಾಳಿ
ಮಂಗಳವಾರ, ರಾತ್ರಿ 10:50

ನೋಡಿದೆ. ಎಂಟು ಸಾಲಿನಲ್ಲಿ ಮೊದಲನೆಯದರ ಮೂರನೇ ಕಾಲಂ ಮಾತ್ರ ಕಣ್ಣೆದುರೇ ಏರುತ್ತಿದೆ, ಮಿಕ್ಕ ಏಳು ಅಲುಗಾಡುತ್ತಿಲ್ಲ. ಎರಡನೇ ಕಾಲಂ ಎಲ್ಲ ಕಡೆ ಸೊನ್ನೆ. ಇಂಟರಪ್ಟ್ಸ್ ಫೈಲಿನಲ್ಲಿ ಪ್ರತಿ ಪೋರ್ಟ್‌ಗೆ ಒಂದೇ ಕ್ಯೂ ಕಾಣುತ್ತಿದೆ, ಎರಡೂ ಕೋರ್ 0ರ ಮೇಲೆ. ಆ ಕೋರ್ ಸಾಫ್ಟ್‌ಇಂಟರಪ್ಟ್‌ನಲ್ಲೇ, ಅಂದರೆ ಪ್ಯಾಕೆಟ್ ಎತ್ತುವ ಆ ಕೆಲಸದಲ್ಲೇ, ನೂರಕ್ಕೆ ನೂರು. ಕಾರ್ಡಿಗೆ ಎಂಟು ಕ್ಯೂ ಮಾಡುವ ತಾಕತ್ತಿದೆ ಅಂತ ಡಬ್ಬದ ಮೇಲೇ ಇತ್ತಲ್ಲ?

ಹಳೇಟರ್ಮಿನಲ್
ಮಂಗಳವಾರ, ರಾತ್ರಿ 11:10

ನನ್ನ ಮೀಸೆ ಉಳಿಯಿತು. ಒಬ್ಬ ದುಡಿಯುತ್ತಿದ್ದಾನೆ, ಏಳು ಜನ ನೋಡುತ್ತಿದ್ದಾರೆ. ಇನ್ನು ಯಾಕೆ ಒಂದೇ ಕ್ಯೂ ಅಂತ ಹುಡುಕಿ. ಮಾಡ್ಯೂಲ್‌ಗಳಿಗೆ ಸೆಟ್ಟಿಂಗ್ ಕೊಡುವ, ಇಟಿಸಿ ಅಡಿಯ ಮಾಡ್‌ಪ್ರೋಬ್ ಡಾಟ್ ಡಿ ಡೈರೆಕ್ಟರಿಯಲ್ಲಿ ಆ ಡ್ರೈವರ್ ಹೆಸರಿನ ಆಪ್ಷನ್ಸ್ ಸಾಲು ಏನಾದರೂ ಇದೆಯಾ?

ತೇಪೆಗಾರ
ಬುಧವಾರ, ಬೆಳಗ್ಗೆ 6:40

ಅಷ್ಟರಲ್ಲಿ ಎರಡನೇ ಕಾಯಿಲೆ ನೋಡೋಣ. ಮರದ ಹೊರಗಿನ (ಅಂದರೆ ಕರ್ನಲ್‌ನ ಅಧಿಕೃತ ಸೋರ್ಸ್‌ನಲ್ಲಿ ಇಲ್ಲದ) ಡ್ರೈವರ್ ಒಂದನ್ನು ಕೆಲವು ವರ್ಷ ಹೊತ್ತು ತಿರುಗಿದವನು ನಾನು, ಆದ್ದರಿಂದ ಸಂಕಟ ಗೊತ್ತು.

ಪ್ರತಿ ಮಾಡ್ಯೂಲ್ ಮೇಲೂ ಅದು ಯಾವ ಕರ್ನಲ್‌ಗೆ ಕಟ್ಟಿದ್ದು ಅನ್ನುವ ಮುದ್ರೆ ಇರುತ್ತದೆ. ಹೊಂದದಿದ್ದರೆ ಕರ್ನಲ್ ಒಳಗೆ ಬಿಡುವುದಿಲ್ಲ. ನಿಮ್ಮ ಪೋರ್ಟ್ ಮಾಯವಾದದ್ದು ಹೆಚ್ಚಾಗಿ ಇದರಿಂದಲೇ: ಹೊಸ ಕರ್ನಲ್ ಬಂತು, ಅದಕ್ಕೆ ತಕ್ಕ ಮಾಡ್ಯೂಲನ್ನು ಯಾರೂ ಕಟ್ಟಲಿಲ್ಲ. ಸಿಟ್ಟು ಬರುತ್ತದೆ ನಿಜ, ಆದರೆ ಬಿಡದಿದ್ದದ್ದೇ ಪುಣ್ಯ. ಸ್ಟ್ರಕ್ಚರ್‌ನಲ್ಲಿ ಒಂದು ಫೀಲ್ಡ್ ಎಂಟು ಬೈಟು ಸರಿದಿದ್ದರೂ ಹಳೇ ಮಾಡ್ಯೂಲ್ ತಪ್ಪು ಜಾಗಕ್ಕೆ ಬರೆಯುತ್ತದೆ, ಮೂರು ದಿನ ಬಿಟ್ಟು ಎಲ್ಲೋ ಸಂಬಂಧವಿಲ್ಲದ ಕಡೆ ಯಂತ್ರ ಕುಸಿಯುತ್ತದೆ.

ಡಿಕೆಎಂಎಸ್ ಅನ್ನುವ ಸಲಕರಣೆ ಹಾಕಿದರೆ ಕರ್ನಲ್ ಬದಲಾದಾಗ ತಾನೇ ಮತ್ತೆ ಕಂಪೈಲ್ ಮಾಡುತ್ತದೆ, ಹೊಸ ಕರ್ನಲ್‌ನ ಹೆಡರ್ ಪ್ಯಾಕೇಜ್ (ಕಂಪೈಲ್‌ಗೆ ಬೇಕಾದ ಫೈಲ್‌ಗಳು) ಇದ್ದರೆ. ಹೆಡರ್ ಇಲ್ಲದಿದ್ದರೆ ಅಪ್‌ಡೇಟ್ ಲಾಗ್‌ನಲ್ಲಿ ಒಂದು ಸಾಲು ಗೊಣಗಿ ಸುಮ್ಮನಾಗುತ್ತದೆ. ಹೆಡರ್ ಇದ್ದರೂ ಕರ್ನಲ್ ಒಳಗಿನ ಇಂಟರ್‌ಫೇಸ್ ಬದಲಾಗಿದ್ದರೆ ಕಂಪೈಲೇ ಆಗುವುದಿಲ್ಲ. 4.15ರಲ್ಲಿ ಟೈಮರ್ ಹೂಡುವ ಕ್ರಮ ಬದಲಾಯಿತು, 6.1ರಲ್ಲಿ ನ್ಯಾಪಿ ನೋಂದಾಯಿಸುವ ಫಂಕ್ಷನ್ ಒಂದು ಆರ್ಗ್ಯುಮೆಂಟ್ ಕಳೆದುಕೊಂಡಿತು. ಪ್ರತಿ ಸಲವೂ ನನ್ನ ಡ್ರೈವರ್‌ಗೆ ಇನ್ನೊಂದು "ಈ ಆವೃತ್ತಿಯಾದರೆ ಹೀಗೆ, ಆ ಆವೃತ್ತಿಯಾದರೆ ಹಾಗೆ" ತೇಪೆ. ಮರದ ಒಳಗಿನ ಡ್ರೈವರ್ ಆಗಿದ್ದರೆ ಇಂಟರ್‌ಫೇಸ್ ಬದಲಾಯಿಸಿದವರೇ ಅದನ್ನೂ ತಿದ್ದಿರುತ್ತಾರೆ. ಹಾಗಾಗಿ ನಿಮ್ಮ ಯಂತ್ರದ ವಿಷಯದಲ್ಲಿ ಕೇಳಬೇಕಾದ್ದು ಮಾಡ್ಯೂಲಾ ಅಲ್ಲವಾ ಅಂತಲ್ಲ, ಮರದ ಒಳಗಾ ಹೊರಗಾ ಅಂತ.

ಬಿಎಸ್‌ಡಿಬಳಗ
ಬುಧವಾರ, ಬೆಳಗ್ಗೆ 8:25

ನಮ್ಮ ಕಡೆಯಿಂದಲೂ ಎರಡು ಮಾತು, ಲಿನಕ್ಸ್ ಒಂದೇ ಯುನಿಕ್ಸ್ ಮನೆತನ ಅಲ್ಲವಲ್ಲ.

ಓಪನ್‌ಬಿಎಸ್‌ಡಿಯವರು 2015ರಲ್ಲಿ ಬಂದ 5.7ರಲ್ಲಿ ಲೋಡ್ ಮಾಡುವ ಮಾಡ್ಯೂಲ್ ವ್ಯವಸ್ಥೆಯನ್ನೇ ಕಿತ್ತು ಹಾಕಿದರು. ಎಲ್ಲ ಡ್ರೈವರ್ ಒಂದೇ ಕರ್ನಲ್‌ನಲ್ಲಿ. ಓಡುತ್ತಿರುವ ಕರ್ನಲ್‌ಗೆ ಹೊರಗಿನ ಕೋಡ್ ತುರುಕುವ ಬಾಗಿಲೇ ಇಲ್ಲ. ಫ್ರೀಬಿಎಸ್‌ಡಿ ನಡುದಾರಿ ಹಿಡಿದಿದೆ: ಸಾಮಾನ್ಯ ಕಾರ್ಡ್‌ಗಳ ಡ್ರೈವರ್ ಜೆನೆರಿಕ್ ಕರ್ನಲ್‌ನಲ್ಲೇ, ಮಿಕ್ಕವನ್ನು ಕೆಎಲ್‌ಡಿಲೋಡ್ ಕಮಾಂಡ್‌ನಿಂದ ಹಾಕಿಕೊಳ್ಳಬಹುದು. ವೇಗದ ಮಾತಿಗೆ ಬಂದರೆ, ಲುಯಿಜಿ ರಿಝೊ ಅವರ ನೆಟ್‌ಮ್ಯಾಪ್ ನೋಡಿ. 900 ಮೆಗಾಹರ್ಟ್ಸ್‌ಗೆ ಇಳಿಸಿದ ಒಂದೇ ಕೋರ್‌ನಿಂದ 10 ಗಿಗಾಬಿಟ್‌ನ ಆ 1 ಕೋಟಿ 48 ಲಕ್ಷ ಪ್ಯಾಕೆಟ್ ಕಳಿಸಿ 2012ರಲ್ಲೇ ತೋರಿಸಿದ್ದಾರೆ. ಪ್ಯಾಕೆಟ್‌ಗೊಂದು ಬಫರ್ ಹುಟ್ಟಿಸಿ ಕೊಲ್ಲುವುದನ್ನು ಬಿಟ್ಟರು, ಪ್ಯಾಕೆಟ್‌ಗೊಂದು ಸಿಸ್ಟಂ ಕಾಲ್ (ಪ್ರೋಗ್ರಾಂ ಕರ್ನಲ್‌ಗೆ ಕೊಡುವ ಕರೆ) ಮಾಡುವುದನ್ನೂ ಬಿಟ್ಟರು, ರಿಂಗನ್ನೇ ಪ್ರೋಗ್ರಾಂ ಜೊತೆ ಹಂಚಿಕೊಂಡರು.

ಶೂನ್ಯಸೂಚಿ
ಬುಧವಾರ, ಬೆಳಗ್ಗೆ 9:00

ಓಪನ್‌ಬಿಎಸ್‌ಡಿ ಮಾದರಿ ಭದ್ರತೆಗೆ ಸರಿ. ಆದರೆ ಡ್ರೈವರ್ ಒಳಗಿನ ತಪ್ಪಿಗೆ ಅದು ಮದ್ದಲ್ಲ. ಕರ್ನಲ್ ಒಳಗೇ ಕಟ್ಟಿದ ಡ್ರೈವರ್ ತಪ್ಪು ಪಾಯಿಂಟರ್ ಹಿಡಿದರೂ ಇಡೀ ಯಂತ್ರ ಮಲಗುತ್ತದೆ, ಮಾಡ್ಯೂಲ್ ಹಿಡಿದರೂ ಮಲಗುತ್ತದೆ. ಸ್ಟ್ಯಾನ್‌ಫರ್ಡ್‌ನವರು 2001ರಲ್ಲಿ ಲಿನಕ್ಸ್, ಓಪನ್‌ಬಿಎಸ್‌ಡಿ ಕೋಡನ್ನು ಸ್ವಯಂಚಾಲಿತವಾಗಿ ತಪಾಸಣೆ ಮಾಡಿದಾಗ, ಡ್ರೈವರ್‌ಗಳಲ್ಲಿ ದೋಷದ ಪ್ರಮಾಣ ಕರ್ನಲ್‌ನ ಬೇರೆ ಭಾಗಗಳಿಗಿಂತ 3ರಿಂದ 7 ಪಟ್ಟು ಹೆಚ್ಚು ಬರುತ್ತದೆ ಅಂತ ಕಂಡಿತ್ತು. "ಮಾಡ್ಯುಲರ್" ಅನ್ನುವ ಪದ ಕೇಳಿದರೆ ಒಂದು ಕೆಟ್ಟರೆ ಇನ್ನೊಂದು ಉಳಿಯುತ್ತದೆ ಅನ್ನಿಸುತ್ತದೆ, ಇಲ್ಲಿ ಅಂಥದ್ದೇನೂ ಇಲ್ಲ. ಫೈಲ್ ಬೇರೆ, ಅಷ್ಟೇ.

ತೇಪೆಗಾರ
ಬುಧವಾರ, ಬೆಳಗ್ಗೆ 10:15

ಇದಕ್ಕೆ 2008ರ ಕತೆಗಿಂತ ಒಳ್ಳೇ ಸಾಕ್ಷಿ ಇಲ್ಲ. ಗೊತ್ತಿಲ್ಲದವರಿಗಾಗಿ ವಿವರವಾಗಿ ಬರೆಯುತ್ತೇನೆ.

ಲಿನಕ್ಸ್ 2.6.27ರ ಪರೀಕ್ಷಾ ಆವೃತ್ತಿಗಳನ್ನು ಹಾಕಿಕೊಂಡ ಕೆಲವರ ಇಂಟೆಲ್ ಕಾರ್ಡ್‌ಗಳು ಸತ್ತವು. ರೀಬೂಟ್ ಮಾಡಿದರೂ ಏಳಲಿಲ್ಲ, ಯಾಕೆಂದರೆ ಕಾರ್ಡಿನ ಮೇಲಿನ ಶಾಶ್ವತ ಮೆಮೊರಿಯೇ ಕೆಟ್ಟಿತ್ತು. ಎಲ್ಲರೂ ಇ1000ಇ ಡ್ರೈವರ್‌ಗೆ ಬೈದರು. ಅದನ್ನು ಬರೆದವರು ತಮ್ಮ ಕೋಡನ್ನು ಅಡಿಮೇಲು ಮಾಡಿ ಹುಡುಕಿದರು. ತಪ್ಪು ಅಲ್ಲಿರಲಿಲ್ಲ.

ತಪ್ಪು ಇದ್ದದ್ದು ಎಫ್‌ಟ್ರೇಸ್‌ನಲ್ಲಿ. ಫಂಕ್ಷನ್ ಕರೆಗಳ ಜಾಡು ಹಿಡಿಯುವ ಸಲಕರಣೆ ಅದು, ನೆಟ್‌ವರ್ಕ್‌ಗೂ ಅದಕ್ಕೂ ಸಂಬಂಧವಿಲ್ಲ. ಪ್ರತಿ ಫಂಕ್ಷನ್ ಶುರುವಾಗುವ ವಿಳಾಸವನ್ನು ಬರೆದಿಟ್ಟುಕೊಂಡು ಆಮೇಲೆ ಅಲ್ಲಿನ ಸೂಚನೆಯನ್ನು ತಿದ್ದುತ್ತಿತ್ತು. ಮಾಡ್ಯೂಲ್‌ಗಳಲ್ಲಿ ಆರಂಭಕ್ಕೆ ಮಾತ್ರ ಬೇಕಾದ ಕೋಡ್ ಇರುತ್ತದೆ. ಲೋಡ್ ಮುಗಿದ ಕೂಡಲೇ ಕರ್ನಲ್ ಆ ಜಾಗವನ್ನು ಬಿಟ್ಟುಕೊಡುತ್ತದೆ. ಬಿಟ್ಟುಕೊಟ್ಟ ವಿಳಾಸ ಎಫ್‌ಟ್ರೇಸ್ ಪಟ್ಟಿಯಲ್ಲಿ ಹಾಗೇ ಉಳಿದಿತ್ತು. ಅದೇ ವಿಳಾಸಕ್ಕೆ ಕರ್ನಲ್ ಇ1000ಇ ಕಾರ್ಡಿನ ಮೆಮೊರಿಯನ್ನು ತಂದು ಕೂರಿಸಿತು. ಎಫ್‌ಟ್ರೇಸ್ ಬಂದು "ಹಳೇ ಸೂಚನೆ ಇದ್ದರೆ ಮಾತ್ರ ತಿದ್ದು" ಅಂತ ಹೋಲಿಸಿ ಬರೆಯುವ ಸೂಚನೆ ಓಡಿಸಿತು. ಎಕ್ಸ್86ರಲ್ಲಿ ಆ ಸೂಚನೆ ಹೋಲಿಕೆ ತಪ್ಪಿದರೂ ಓದಿದ್ದನ್ನೇ ತಿರುಗಿ ಬರೆಯುತ್ತದೆ. ಸಾಮಾನ್ಯ ಮೆಮೊರಿಯಾದರೆ ಏನೂ ಆಗುವುದಿಲ್ಲ. ಕಾರ್ಡಿನ ಮೆಮೊರಿಗೆ ಬರೆದರೆ ಬರೆದದ್ದೇ.

ಮನೆ ಖಾಲಿ ಮಾಡಿ ಹೋದವರ ಹೆಸರಿಗೆ ಬಂದ ಜಪ್ತಿ, ಹೊಸದಾಗಿ ಬಂದವರ ಸಾಮಾನು ಹೊರಗೆಸೆದ ಹಾಗೆ. ಕೊನೆಗೆ 2.6.27.1ರಲ್ಲಿ ಆ ಡೈನಾಮಿಕ್ ಎಫ್‌ಟ್ರೇಸ್ ಅನ್ನು ಮುಚ್ಚಿದರು. ಒಬ್ಬನ ತಪ್ಪು, ಇನ್ನೊಬ್ಬನ ಕಾರ್ಡ್, ಬೈಗುಳ ತಿಂದವನು ಮೂರನೆಯವನು.

ಅರೆಬೈಟು
ಬುಧವಾರ, ಮಧ್ಯಾಹ್ನ 12:30

ಅಬ್ಬಾ. ಹಾಗಾದರೆ ಡ್ರೈವರನ್ನು ಕರ್ನಲ್‌ನಿಂದ ಹೊರಗೇ, ಮಾಮೂಲಿ ಪ್ರೋಸೆಸ್ ಥರ ಓಡಿಸಬಾರದೇಕೆ?

ಬಿಎಸ್‌ಡಿಬಳಗ
ಬುಧವಾರ, ಮಧ್ಯಾಹ್ನ 1:10

ಓಡಿಸಿದ್ದಾರೆ. ಟಾನೆನ್‌ಬಾಮ್ ಅವರ ತಂಡ 2005ರಲ್ಲಿ ಬಿಟ್ಟ ಮಿನಿಕ್ಸ್ 3ರಲ್ಲಿ ಡ್ರೈವರ್‌ಗಳು ಬಿಡಿ ಪ್ರೋಸೆಸ್‌ಗಳು. ಸತ್ತರೆ ಎಬ್ಬಿಸಲೆಂದೇ "ಪುನರ್ಜನ್ಮ" ಸರ್ವರ್ ಒಂದಿದೆ, ಹೆಸರು ನಾನಿಟ್ಟದ್ದಲ್ಲ. ಡೌನ್‌ಲೋಡ್ ನಡೆಯುತ್ತಿರುವಾಗಲೇ ಇಥರ್ನೆಟ್ ಡ್ರೈವರನ್ನು ಮತ್ತೆ ಮತ್ತೆ ಕೊಂದು ನೋಡಿದರು, ಫೈಲ್ ಸರಿಯಾಗೇ ಇಳಿಯಿತು. ಇಲ್ಲಿ ನೆಟ್‌ವರ್ಕ್‌ಗೆ ಒಂದು ಅನುಕೂಲ ಇದೆ: ಮೇಲಿರುವ ಟಿಸಿಪಿ ಪ್ಯಾಕೆಟ್ ಕಳೆದುಹೋಗುತ್ತದೆ ಅಂತ ನಂಬಿಕೊಂಡೇ ಹುಟ್ಟಿದ್ದು. ಡ್ರೈವರ್ ಸತ್ತು ಹುಟ್ಟುವುದರೊಳಗೆ ಹೋದದ್ದನ್ನು ಅದು ಮತ್ತೆ ಕಳಿಸುತ್ತದೆ. ಡಿಸ್ಕ್ ಡ್ರೈವರ್‌ಗೆ ಈ ಭಾಗ್ಯವಿಲ್ಲ.

ಆಪಲ್ ಕೂಡ 2019ರ ಮ್ಯಾಕ್‌ಒಎಸ್ ಕ್ಯಾಟಲಿನಾದಿಂದ ಡ್ರೈವರ್‌ಕಿಟ್ ತಂದು, ಡ್ರೈವರ್ ಬರೆಯುವವರನ್ನು ಕರ್ನಲ್‌ನಿಂದ ಹೊರಕ್ಕೆ ಕಳಿಸುತ್ತಿದೆ. ಬೆಲೆ ಏನೆಂದರೆ, ಹಳೇಟರ್ಮಿನಲ್ ಸರ್ ಹೇಳಿದ ಆ 200 ಸೈಕಲ್‌ನಲ್ಲಿ ಗಡಿ ದಾಟುವ ಸುಂಕವೂ ಸೇರುತ್ತದೆ. ಒಂದೊಂದೇ ಪ್ಯಾಕೆಟ್ ಹೊತ್ತು ದಾಟಿದರೆ ಸೋಲುತ್ತೀರಿ, ಕಂತೆ ಕಟ್ಟಿ ದಾಟಿದರೆ ಬದುಕುತ್ತೀರಿ.

ರಾತ್ರಿಪಾಳಿ
ಬುಧವಾರ, ರಾತ್ರಿ 11:55

ಸಿಕ್ಕಿತು! ಮಾಡ್‌ಪ್ರೋಬ್ ಡಾಟ್ ಡಿ ಒಳಗೆ ಒಂದು ಫೈಲ್, ಅದರಲ್ಲಿ ಕ್ಯೂ ಸಂಖ್ಯೆ 1 ಅಂತ ಕಟ್ಟಿಹಾಕಿದ ಒಂದು ಸಾಲು. ಯಾವುದೋ ಹಳೇ ಯಂತ್ರದಿಂದ ನಕಲು ಮಾಡಿಕೊಂಡು ಬಂದದ್ದು. ಮೇಲೆ ಕಾಮೆಂಟ್‌ನಲ್ಲಿ ಬರೆದವರ ಹೆಸರೂ ಇದೆ. ಕೇಳಬೇಡಿ, ಅದೇ ಹಿರಿಯರು.

ಸಾಲು ಅಳಿಸಿ ರೀಬೂಟ್ ಮಾಡಿದೆ. ಏನೂ ಬದಲಾಗಲಿಲ್ಲ. ಮತ್ತೆ ಅದೇ ಒಂದು ಕ್ಯೂ. ತಲೆ ಕೆಟ್ಟಿದೆ, ಮಲಗುತ್ತೇನೆ.

ಹಳೇಟರ್ಮಿನಲ್
ಗುರುವಾರ, ಬೆಳಗ್ಗೆ 6:50

ಇನಿಟ್‌ರಾಮ್‌ಎಫ್‌ಎಸ್ ಮಾರಾಯ್ರೆ! ಬೂಟ್ ಶುರುವಿನಲ್ಲಿ ಮೆಮೊರಿಗೆ ಬರುವ ಪುಟ್ಟ ಫೈಲ್ ಕಟ್ಟು ಅದು. ಡ್ರೈವರ್ ಲೋಡ್ ಆಗೋದು ಅಲ್ಲಿಂದಲೇ ಆದರೆ, ಅದರೊಳಗೆ ಆ ಫೈಲಿನ ಹಳೇ ಪ್ರತಿ ಕೂತಿರುತ್ತದೆ. ಇನಿಟ್‌ರಾಮ್‌ಎಫ್‌ಎಸ್ ಮತ್ತೆ ಕಟ್ಟಿ, ಆಮೇಲೆ ರೀಬೂಟ್ ಮಾಡಿ.

ದೂರದಿಂದ ಎಸ್‌ಎಸ್‌ಎಚ್‌ನಲ್ಲಿ ಕೂತು ಮಾಡ್ಯೂಲ್ ತೆಗೆದು ಮತ್ತೆ ಹಾಕಲು ಹೋಗಬೇಡಿ. ಮಾಡ್ಯೂಲ್ ಪಟ್ಟಿ ಕೊಡುವ ಎಲ್‌ಎಸ್‌ಮಾಡ್ ಬಳಕೆ 0 ಅಂತ ತೋರಿಸುತ್ತದೆ, ಯಾರೂ ಬಳಸುತ್ತಿಲ್ಲ ಅಂತ ಅಂದುಕೊಳ್ಳುತ್ತೀರಿ. ನೆಟ್‌ವರ್ಕ್ ಡ್ರೈವರ್‌ಗಳಲ್ಲಿ ಇಂಟರ್‌ಫೇಸ್ ಮೇಲಿದ್ದರೂ ಆ ಎಣಿಕೆ 0 ಇರುತ್ತದೆ. ಮಾಡ್ಯೂಲ್ ತೆಗೆಯುವ ಆರ್‌ಎಂಮಾಡ್ ಕೊಟ್ಟರೆ ಒಂದು ಮಾತೂ ಕೇಳದೆ ಇಂಟರ್‌ಫೇಸ್, ಅದರ ಐಪಿ, ರೂಟ್ ಎಲ್ಲವನ್ನೂ ಎತ್ತಿಕೊಂಡು ಹೋಗುತ್ತದೆ, ನಿಮ್ಮ ಎಸ್‌ಎಸ್‌ಎಚ್ ಜೊತೆಗೆ.

ಶೂನ್ಯಸೂಚಿ
ಗುರುವಾರ, ಬೆಳಗ್ಗೆ 8:10

ಎಲ್ಲೋ ಒಂದು ರೆಫರೆನ್ಸ್ ಬಿಡದೆ ಉಳಿದಿದ್ದರೆ ಇನ್ನೂ ಚೆಂದ: ಡಿವೈಸ್ ಬಿಡುಗಡೆಗೆ ಕಾಯುತ್ತಿದ್ದೇನೆ ಅಂತ ಹತ್ತತ್ತು ಸೆಕೆಂಡಿಗೊಮ್ಮೆ ಲಾಗ್‌ನಲ್ಲಿ ಒಂದೇ ಸಾಲು ಜಪಿಸುತ್ತಾ ಕೂರುತ್ತದೆ. ಮಾಡ್ಯೂಲ್ ಹಾಕುವುದು ಸುಲಭ, ಕ್ಷೇಮವಾಗಿ ತೆಗೆಯುವುದು ಕಷ್ಟ. ಟೈಮರ್ ನಿಂತಿರಬೇಕು, ನ್ಯಾಪಿ ನಿಂತಿರಬೇಕು, ಕಾರ್ಡ್ ಮೆಮೊರಿಗೆ ಬರೆಯುವುದನ್ನು ನಿಲ್ಲಿಸಿರಬೇಕು. ಒಂದು ಮರೆತರೂ ಇಲ್ಲದ ಕೋಡ್‌ಗೆ ಜಿಗಿತ.

ತೇಪೆಗಾರ
ಗುರುವಾರ, ಬೆಳಗ್ಗೆ 9:45

ಹಿರಿಯರ ಮಾತಿನ ಬಗ್ಗೆ ಒಂದು ಹೊಳೆಯಿತು. ಮಾಡ್‌ಪ್ರೋಬ್ ಡಾಟ್ ಡಿ ಸಾಲುಗಳು ಮಾಡ್ಯೂಲ್‌ಗೆ ಮಾತ್ರ ಅನ್ವಯ. ಡ್ರೈವರ್ ಕರ್ನಲ್ ಒಳಗೇ ಇದ್ದರೆ ಆ ಫೈಲನ್ನು ಯಾರೂ ಓದುವುದಿಲ್ಲ. ಪ್ಯಾರಾಮೀಟರ್ ಕೊಡಬೇಕಾದರೆ ಬೂಟ್ ಸಾಲಿನಲ್ಲೇ ಕೊಡಬೇಕು. ಅಂದರೆ ಅವರು ಹಿಂದೆ ಒಳಗೇ ಕಂಪೈಲ್ ಮಾಡಿದಾಗ ಆ ಒಂದು ಕ್ಯೂ ಸಾಲು ತಾನಾಗೇ ಸತ್ತುಹೋಗಿ, ಎಲ್ಲ ಕ್ಯೂ ತೆರೆದುಕೊಂಡು, ಯಂತ್ರ ನಿಜವಾಗಿಯೂ ವೇಗವಾಗಿರಬೇಕು. ಕಣ್ಣಾರೆ ಕಂಡದ್ದು ಸುಳ್ಳಲ್ಲ. ಕಾರಣ ಮಾತ್ರ ಬೇರೆ.

ಹಳೇಟರ್ಮಿನಲ್
ಗುರುವಾರ, ಬೆಳಗ್ಗೆ 10:00

ಭಲೇ. ಇದು ನನಗೆ ಹೊಳೆದಿರಲಿಲ್ಲ.

ರಾತ್ರಿಪಾಳಿ
ಶನಿವಾರ, ಸಂಜೆ 6:30

ವರದಿ ಒಪ್ಪಿಸುತ್ತಿದ್ದೇನೆ. ತಯಾರಕರ ಸೋರ್ಸ್ ಬಿಟ್ಟು ಮರದ ಒಳಗಿನ ಡ್ರೈವರ್‌ಗೆ ಬಂದೆ, ಮಾಡ್ಯೂಲ್ ಆಗಿಯೇ. ಇನಿಟ್‌ರಾಮ್‌ಎಫ್‌ಎಸ್ ಮತ್ತೆ ಕಟ್ಟಿದೆ. ಈಗ ಪೋರ್ಟ್‌ಗೆ ಎಂಟು ಕ್ಯೂ, ಎಂಟೂ ಕೋರ್‌ಗೆ ಹಂಚಿಹೋಗಿವೆ. ಎರಡು ದಿನದ ಗರಿಷ್ಠ ಹೊತ್ತಿನಲ್ಲೂ ಮೂರನೇ ಕಾಲಂ ಬಹುತೇಕ ಅಲ್ಲೇ ನಿಂತಿದೆ. ನಡುವೆ ಕರ್ನಲ್ ಅಪ್‌ಡೇಟ್ ಕೂಡ ಮಾಡಿ ನೋಡಿದೆ, ಎರಡೂ ಪೋರ್ಟ್ ಎದ್ದವು.

ಹಠಾತ್ತನೆ ಉಕ್ಕಿ ಬಂದಾಗ ಮಾತ್ರ ರಿಂಗ್‌ನಲ್ಲಿ ಒಂದಷ್ಟು ಬೀಳುತ್ತಿವೆ. ರಿಂಗ್ 512 ಇದೆ, ದೊಡ್ಡದು ಮಾಡಿದರೆ ಕ್ಯಾಶ್‌ಗೆ ಹೊರೆಯಾಗುತ್ತದೆ ಅಂತ ಒಂದು ಕಡೆ ಓದಿದೆ. ಅದಕ್ಕೆ ಬೇರೆ ಎಳೆ ತೆರೆಯುತ್ತೇನೆ. ಹಿರಿಯರಿಗೆ ಆ ಫೈಲಿನ ವಿಷಯ ಇನ್ನೂ ಹೇಳಿಲ್ಲ.

ಶೂನ್ಯಸೂಚಿ
ಶನಿವಾರ, ಸಂಜೆ 6:42

ಹೇಳುವ ಮೊದಲು ಬೇರೆ ಯಂತ್ರಗಳಲ್ಲೂ ಆ ಫೈಲ್ ಇದೆಯಾ ಅಂತ ನೋಡಿ.

ರಾತ್ರಿಪಾಳಿ
ಶನಿವಾರ, ಸಂಜೆ 7:20

ಇನ್ನೂ ನಾಲ್ಕರಲ್ಲಿ ಇದೆ.